ಕಿಂದರಿಜೋಗಿಯಿಂದ ಕಲ್ಲಿದ್ದಲ ಗಣಿಯವರೆಗೆ: ವಿಕ್ಟೋರಿಯಾ ಕಾಲದ ಮಕ್ಕಳ ಜೊತೆ ಎಂಟನೇ ತರಗತಿಗೆ ಇಂಗ್ಲಿಷ್

ಪಾಠವನ್ನು ರಾಣಿಯಿಂದ ಶುರು ಮಾಡಬೇಡಿ. ವಿಕ್ಟೋರಿಯಾ 1837ರಿಂದ 1901ರವರೆಗೆ ಆಳಿದಳು ಎಂದು ಬೋರ್ಡಿನ ಮೂಲೆಯಲ್ಲಿ ಬರೆದಿಟ್ಟರೆ ಸಾಕು, ಅದು ಅಲ್ಲೇ ಇರಲಿ. ಎಂಟನೇ ತರಗತಿಯವರಿಗೆ ಬೇಕಾಗಿರುವುದು ತಮ್ಮ ವಯಸ್ಸಿನದೋ ತಮಗಿಂತ ಚಿಕ್ಕದೋ ಆದ ಒಂದು ಮಗು. ಆ ಮಗು ಎಷ್ಟು ಹೊತ್ತಿಗೆ ಎದ್ದಿತು, ಏನು ತಿಂದಿತು, ಯಾರಿಗೆ ಹೆದರಿತು ಎಂದು ತಿಳಿಯುವ ಆಸೆ ಒಮ್ಮೆ ಹುಟ್ಟಿತೆಂದರೆ ಇಂಗ್ಲಿಷ್ ವಾಕ್ಯದ ಗಂಟನ್ನು ಅವರೇ ಬಿಚ್ಚಿಕೊಳ್ಳುತ್ತಾರೆ.

ನಾನು ಕನ್ನಡ ಮಾಧ್ಯಮದ ಮಕ್ಕಳಿಗೆ ಇಂಗ್ಲಿಷ್ ಕಲಿಸುವವಳು. ಮೊದಮೊದಲು ನಾನೂ ಸರಳಗೊಳಿಸಿದ ಪುಸ್ತಕಗಳನ್ನೇ ಹಿಡಿದು ಪಾಠ ಮಾಡಿದೆ. ದಪ್ಪ ಕಾದಂಬರಿಯನ್ನು ಮೂವತ್ತು ಪುಟಕ್ಕೆ ಇಳಿಸಿದರೆ ಕಥೆ ಉಳಿಯುತ್ತದೆ, ದನಿ ಹೋಗಿಬಿಡುತ್ತದೆ. ಮಕ್ಕಳು ಕಥೆಯನ್ನು ಕನ್ನಡದಲ್ಲಿ ಚೆನ್ನಾಗಿಯೇ ಒಪ್ಪಿಸುತ್ತಿದ್ದರು. ಇಂಗ್ಲಿಷ್ ಮಾತ್ರ ಅವರ ನಾಲಿಗೆಗೆ ಹತ್ತುತ್ತಿರಲಿಲ್ಲ. ಈಗ ನನ್ನ ದಾರಿ ಬೇರೆ. ಇಡೀ ಪುಸ್ತಕ ಬೇಡ, ಆದರೆ ಕೊಡುವ ಐದಾರು ಸಾಲು ಮೂಲದ್ದೇ ಆಗಿರಬೇಕು. ಆದಷ್ಟೂ ಒಂದು ಮಗುವಿನ ಬಾಯಿಂದ ಬಂದ ಮಾತಾಗಿರಬೇಕು. ಮಕ್ಕಳ ಮಾತಿನಲ್ಲಿ ವಾಕ್ಯ ಚಿಕ್ಕದಿರುತ್ತದೆ, 180 ವರ್ಷದ ಹಿಂದಿನ ಇಂಗ್ಲಿಷ್ ಮಗುವಿನದೂ ಹಾಗೆಯೇ.

ಕೆಳಗಿರುವುದು ಆರು ವಾರದ ಪಾಠ, ವಾರಕ್ಕೆ ಎರಡು ಪಿರಿಯಡ್. ಎರಡನೇ ವಾರಕ್ಕೆ ಮಾತ್ರ ಇನ್ನೊಂದು ಪಿರಿಯಡ್ ಎಲ್ಲಿಂದಾದರೂ ಹೊಂದಿಸಿಕೊಳ್ಳಿ.

ಪಾಠಕ್ಕೆ ಮುಂಚೆ

ಈ ಕಾಲದ ಬರಹಗಳ ಹಕ್ಕುಸ್ವಾಮ್ಯ ಯಾವತ್ತೋ ಮುಗಿದಿದೆ. ಪ್ರಾಜೆಕ್ಟ್ ಗುಟೆನ್‌ಬರ್ಗ್ ಮತ್ತು ಇಂಟರ್ನೆಟ್ ಆರ್ಕೈವ್‌ನಲ್ಲಿ ಪುಸ್ತಕಗಳು ಉಚಿತವಾಗಿ ಸಿಗುತ್ತವೆ. ಲಿಬ್ರಿವಾಕ್ಸ್‌ನಲ್ಲಿ ಸ್ವಯಂಸೇವಕರು ಓದಿದ ಧ್ವನಿ ಇದೆ. ಮೊಬೈಲಿಗೆ ಇಳಿಸಿಕೊಂಡು ಒಂದು ಸಣ್ಣ ಸ್ಪೀಕರಿಗೆ ಹಚ್ಚಿದರೆ ತರಗತಿಗೆ ಸಾಲುತ್ತದೆ. ಒಂದು ಪಾಠಕ್ಕೆ ಅರ್ಧ ಪುಟ ಮೀರಿಸಬೇಡಿ. ಅಕ್ಷರ ದೊಡ್ಡದಿರಲಿ, ಪ್ರತಿ ಸಾಲಿಗೂ ಎಡಗಡೆ ಸಂಖ್ಯೆ ಇರಲಿ. "ನಾಲ್ಕನೇ ಸಾಲು ನೋಡು" ಎಂದು ಬೆರಳಿಡಿಸಲು ಆಗದಿದ್ದರೆ ಹಿಂದಿನ ಬೆಂಚಿನವರು ಕಳೆದುಹೋಗುತ್ತಾರೆ.

ಯಾವ ಪುಸ್ತಕ ಸುಲಭ, ಯಾವುದು ಕಷ್ಟ ಎಂಬುದರಲ್ಲಿ ನನ್ನ ಅನುಭವ ಹೀಗಿದೆ. ಆನಾ ಸೂವೆಲ್ 1877ರಲ್ಲಿ ಪ್ರಕಟಿಸಿದ 'ಬ್ಲ್ಯಾಕ್ ಬ್ಯೂಟಿ'ಯಲ್ಲಿ ಕುದುರೆಯೇ ತನ್ನ ಕಥೆ ಹೇಳಿಕೊಳ್ಳುತ್ತದೆ. ಮೊದಲ ಪುಟದಲ್ಲಿ ಹುಲ್ಲುಗಾವಲು, ತಿಳಿನೀರಿನ ಕೊಳ, ನೆರಳು ಕೊಡುವ ಮರಗಳು ಇಷ್ಟೇ ಇವೆ. ಎಂಟನೇ ತರಗತಿಯವರು ಸಲೀಸಾಗಿ ಓದಬಲ್ಲರು. ಚಾರ್ಲ್ಸ್ ಕಿಂಗ್ಸ್ಲಿಯ 'ವಾಟರ್ ಬೇಬೀಸ್' (1863) ಶುರುವಾಗುವುದು ಟಾಮ್ ಎಂಬ ಚಿಮಣಿ ಗುಡಿಸುವ ಹುಡುಗನಿಂದ. ಅದರ ಮೊದಲ ನಾಲ್ಕು ವಾಕ್ಯ ಬೆಣ್ಣೆಯಂತಿವೆ, ಮುಂದೆ ಹೋದಂತೆ ಲೇಖಕರ ಉಪದೇಶ ಜಾಸ್ತಿಯಾಗುತ್ತದೆ. ಲೂಯಿಸ್ ಕ್ಯಾರಲ್ ಬರೆದ 'ಆಲಿಸ್' (1865) ಹೆಸರಾಂತ ಪುಸ್ತಕವೆಂದು ಎಲ್ಲರೂ ಅದಕ್ಕೇ ಕೈಹಾಕುತ್ತಾರೆ. ನಾನು ಬೇಡ ಎನ್ನುತ್ತೇನೆ, ಈ ವಯಸ್ಸಿಗೆ. ಆಲಿಸ್ ತಪ್ಪುತಪ್ಪಾಗಿ ಒಪ್ಪಿಸುವ ಮೊಸಳೆ ಪದ್ಯ ನಗು ತರಿಸುವುದು, ಐಸಾಕ್ ವಾಟ್ಸ್ ಬರೆದ ಜೇನುನೊಣದ ನೀತಿಪದ್ಯ ಬಾಯಿಗೆ ಬರುವವರಿಗೆ. ನಮ್ಮ ಮಕ್ಕಳಿಗೆ ಆ ಪದ್ಯವೇ ಗೊತ್ತಿಲ್ಲದಿರುವಾಗ ಅದರ ಅಣಕಕ್ಕೆ ಹೇಗೆ ನಕ್ಕಾರು?

ಮೊದಲ ವಾರ: ಗೊತ್ತಿರುವ ಇಲಿಗಳು

ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ' ಕೇಳದ ಕನ್ನಡದ ಮಗು ಕಡಿಮೆ. ಅದರ ಬೇರು ಇರುವುದು ರಾಬರ್ಟ್ ಬ್ರೌನಿಂಗ್ 1842ರಲ್ಲಿ ಪ್ರಕಟಿಸಿದ 'ದ ಪೈಡ್ ಪೈಪರ್ ಆಫ್ ಹ್ಯಾಮೆಲಿನ್' ಪದ್ಯದಲ್ಲಿ. ನಟ ಮೆಕ್ರೀಡಿ ಅವರ ಪುಟ್ಟ ಮಗ ವಿಲ್ಲಿ ಕಾಯಿಲೆ ಬಿದ್ದು ಮಲಗಿದ್ದ. ಅವನು ಚಿತ್ರ ಬಿಡಿಸುತ್ತಾ ಹೊತ್ತು ಕಳೆಯಲಿ ಎಂದು ಬ್ರೌನಿಂಗ್ ಇದನ್ನು ಬರೆದುಕೊಟ್ಟರು. ತುಂಗಾ ತೀರದ ಹಳ್ಳಿಯ ಜಾಗದಲ್ಲಿ ಜರ್ಮನಿಯ ವೇಸರ್ ನದಿಯ ದಡದ ಊರಿದೆ, ಅಷ್ಟೇ ವ್ಯತ್ಯಾಸ. ಕಥೆ ಮೊದಲೇ ಗೊತ್ತಿರುವುದರಿಂದ ಮಕ್ಕಳಿಗೆ ಅರ್ಥದ ಭಯವಿಲ್ಲ. ಕಿವಿಯನ್ನು ಪೂರ್ತಿ ಶಬ್ದಕ್ಕೆ ಕೊಡಬಹುದು.

ಮೊದಲ ಪಿರಿಯಡ್‌ನಲ್ಲಿ ಕನ್ನಡದ ಪದ್ಯವನ್ನು ಮಕ್ಕಳೇ ಹೇಳಲಿ, ಜೋರಾಗಿ, ಕುಣಿದುಕೊಂಡು. ಆಮೇಲೆ ಬ್ರೌನಿಂಗ್ ಪದ್ಯದಲ್ಲಿ ಇಲಿಗಳು ನಾಯಿಗಳ ಜೊತೆ ಕಾದಾಡಿ, ಬೆಕ್ಕುಗಳನ್ನು ಕೊಂದು, ತೊಟ್ಟಿಲ ಕೂಸುಗಳನ್ನು ಕಚ್ಚುವ ಹತ್ತು ಸಾಲುಗಳನ್ನು ನೀವು ಓದಿ. ಸಾಲುಗಳಿರುವ ಚೀಟಿ ಇನ್ನೂ ಕೊಡಬೇಡಿ. ರ‍್ಯಾಟ್ಸ್, ಕ್ಯಾಟ್ಸ್, ವ್ಯಾಟ್ಸ್, ಸ್ಪ್ರ್ಯಾಟ್ಸ್, ಹ್ಯಾಟ್ಸ್, ಚ್ಯಾಟ್ಸ್, ಫ್ಲ್ಯಾಟ್ಸ್: ಈ ಪ್ರಾಸ ಬಂದಾಗಲೆಲ್ಲ ಚಪ್ಪಾಳೆ ತಟ್ಟಲಿ. ಎಲ್ಲದರ ಅರ್ಥ ಗೊತ್ತಾಗಬೇಕಿಲ್ಲ. ಸ್ಪ್ರ್ಯಾಟ್ಸ್ ಒಂದು ಸಣ್ಣ ಮೀನು ಎಂದರೆ ಸಾಕು. ನಮ್ಮ ಮಕ್ಕಳ ನಾಲಿಗೆಯಲ್ಲಿ 'ಕ್ಯಾಟ್' ಮತ್ತು 'ಕಟ್' ಒಂದಕ್ಕೊಂದು ಬೆರೆತುಹೋಗುತ್ತವೆ. ಈ ಹತ್ತು ಸಾಲನ್ನು ಹತ್ತು ಸಲ ಹೇಳಿಸಿದರೆ ಆ ಸ್ವರ ತಾನಾಗಿ ಕೂರುತ್ತದೆ.

ಎರಡನೇ ಪಿರಿಯಡ್ ಇಲಿಗಳ ಮೆರವಣಿಗೆಗೆ. ಬ್ರೌನಿಂಗ್ ದೊಡ್ಡ, ಸಣ್ಣ, ಬಡಕಲು, ಕಟ್ಟುಮಸ್ತು, ಕಂದು, ಕಪ್ಪು, ಬೂದು ಎಂದು ಇಲಿಗಳ ಪಟ್ಟಿ ಕೊಡುತ್ತಾರೆ. ಆಮೇಲೆ 'ಫಾದರ್ಸ್, ಮದರ್ಸ್, ಅಂಕಲ್ಸ್, ಕಸಿನ್ಸ್' ಬರುತ್ತದೆ. ಮಕ್ಕಳು ಕೂಡಲೇ "ಅಣ್ಣಿಲಿ, ತಮ್ಮಿಲಿ!" ಎಂದು ಕೂಗುತ್ತಾರೆ. ಅಲ್ಲೇ ನಿಲ್ಲಿಸಿ ಕೇಳಿ: ಮಾವ, ಚಿಕ್ಕಪ್ಪ, ದೊಡ್ಡಪ್ಪ, ಇವರಿಗೆಲ್ಲ ಇಂಗ್ಲಿಷ್‌ನಲ್ಲಿ ಏನು? ಒಂದೇ 'ಅಂಕಲ್'. ಅತ್ತೆ ಮಗ, ಚಿಕ್ಕಮ್ಮನ ಮಗಳು? ಒಂದೇ 'ಕಸಿನ್'. ಪಠ್ಯಪುಸ್ತಕದ ಪಟ್ಟಿಯಿಂದ ಕಲಿತ ಪದ ಮರೆತೀತು, ಇಲಿಯ ಬಾಲ ಹಿಡಿದು ಬಂದ ಈ ಎರಡು ಪದ ಮರೆಯುವುದಿಲ್ಲ. ಕೊನೆಗೆ ಪ್ರತಿಯೊಬ್ಬರೂ ಎಂಟು ಇಲಿಗಳ ಪಟ್ಟಿ ಬರೆದು, ವಿಲ್ಲಿಯ ಹಾಗೆ ಪಕ್ಕದಲ್ಲಿ ಚಿತ್ರ ಬಿಡಿಸಲಿ. ಸ್ಲೀಪಿ ರ‍್ಯಾಟ್ಸ್, ಹಂಗ್ರಿ ರ‍್ಯಾಟ್ಸ್... ವಿಶೇಷಣ ಯಾವುದೆಂದು ಬಾಯಿಬಿಟ್ಟು ಹೇಳದೆಯೇ ವಿಶೇಷಣ ಕಲಿಸಿದ ಹಾಗಾಯಿತು.

ಪಿರಿಯಡ್ ಮುಗಿಯುವ ಮುಂಚೆ ಒಂದು ಮಾತು ಹೇಳಿ ಬಿಟ್ಟುಬಿಡಿ. ಈ ಪದ್ಯದಲ್ಲಿ ಮಕ್ಕಳು ಬೆಟ್ಟದೊಳಗೆ ಹೋಗಿ ಮಾಯವಾದರು. ಅದೇ 1842ರಲ್ಲಿ, ಇಂಗ್ಲೆಂಡಿನಲ್ಲಿ, ನಿಜವಾಗಿಯೂ ನೆಲದೊಳಗೆ ಹೋಗುತ್ತಿದ್ದ ಮಕ್ಕಳ ವರದಿಯೊಂದು ಹೊರಬಂತು. ಮುಂದಿನ ವಾರ ಅವರಲ್ಲೊಬ್ಬಳು ಮಾತಾಡುತ್ತಾಳೆ.

ಎರಡನೇ ವಾರ: ಸಾರಾ ಗೂಡರ್

ಈ ಇಡೀ ಪಾಠದ ಜೀವ ಇಲ್ಲಿದೆ. ಗಣಿ ಮತ್ತು ಕಾರ್ಖಾನೆಗಳಲ್ಲಿ ದುಡಿಯುವ ಮಕ್ಕಳ ಸ್ಥಿತಿ ಅರಿಯಲು ಬ್ರಿಟಿಷ್ ಸರ್ಕಾರ 1840ರಲ್ಲಿ ಆಯೋಗ ನೇಮಿಸಿತು. ಅಧಿಕಾರಿಗಳು ಗಣಿಗಳಿಗೆ ಹೋಗಿ ಮಕ್ಕಳನ್ನೇ ಮಾತಾಡಿಸಿ ಅವರ ಹೇಳಿಕೆ ಬರೆದುಕೊಂಡರು. ಯಾರ್ಕ್‌ಷೈರಿನ ಗಾಬರ್ ಗಣಿಯಲ್ಲಿದ್ದ ಸಾರಾ ಗೂಡರ್‌ಗೆ ಆಗ ಎಂಟು ವರ್ಷ. ಅವಳ ಕೆಲಸದ ಹೆಸರು 'ಟ್ರ್ಯಾಪರ್'. ಸುರಂಗದೊಳಗೆ ಗಾಳಿ ಸರಿಯಾದ ದಾರಿಯಲ್ಲಿ ಹರಿಯಲೆಂದು ಅಲ್ಲಲ್ಲಿ ಬಾಗಿಲು ಇಟ್ಟಿರುತ್ತಿದ್ದರು. ಕಲ್ಲಿದ್ದಲಿನ ಗಾಡಿ ಬಂದಾಗ ಬಾಗಿಲು ತೆರೆದು, ಹೋದ ಮೇಲೆ ಮುಚ್ಚಬೇಕು. ಮಿಕ್ಕ ಹೊತ್ತೆಲ್ಲ ಕತ್ತಲಲ್ಲಿ ಒಬ್ಬಳೇ ಕೂತಿರಬೇಕು.

ಅವಳು ಹೇಳಿದ್ದು ಹೀಗಿದೆ: "ಐಯಾಮ್ ಎ ಟ್ರ್ಯಾಪರ್ ಇನ್ ದ ಗಾಬರ್ ಪಿಟ್. ಇಟ್ ಡಸ್ ನಾಟ್ ಟೈರ್ ಮಿ, ಬಟ್ ಐ ಹ್ಯಾವ್ ಟು ಟ್ರ್ಯಾಪ್ ವಿದೌಟ್ ಎ ಲೈಟ್ ಆ್ಯಂಡ್ ಐಯಾಮ್ ಸ್ಕೇರ್ಡ್." ಬೆಳಗಿನ ಜಾವ ನಾಲ್ಕಕ್ಕೆ, ಒಮ್ಮೊಮ್ಮೆ ಮೂರೂವರೆಗೇ ಇಳಿಯುತ್ತೇನೆ, ಸಂಜೆ ಐದಕ್ಕೋ ಐದೂವರೆಗೋ ಮೇಲೆ ಬರುತ್ತೇನೆ, ನಿದ್ದೆ ಮಾಡುವುದೇ ಇಲ್ಲ ಎನ್ನುತ್ತಾಳೆ. ಆಮೇಲೆ ಈ ಸಾಲು: "ಸಮ್‌ಟೈಮ್ಸ್ ಐ ಸಿಂಗ್ ವೆನ್ ಐ ಹ್ಯಾವ್ ಲೈಟ್, ಬಟ್ ನಾಟ್ ಇನ್ ದ ಡಾರ್ಕ್, ಐ ಡೇರ್ ನಾಟ್ ಸಿಂಗ್ ದೆನ್."

ಮೊದಲ ಪಿರಿಯಡ್‌ನಲ್ಲಿ ಕಿಟಕಿ ಬಾಗಿಲು ಮುಚ್ಚಿ, ಲೈಟ್ ಆರಿಸಿ. ಒಬ್ಬ ವಿದ್ಯಾರ್ಥಿ ಬಾಗಿಲ ಹಿಂದೆ ಕೂತು ಚಿಲಕಕ್ಕೆ ಕಟ್ಟಿದ ದಾರ ಹಿಡಿದುಕೊಳ್ಳಲಿ. ಒಂದು ನಿಮಿಷ ಯಾರೂ ಮಾತಾಡಬಾರದು. ಆ ಸದ್ದಿಲ್ಲದ ಕತ್ತಲಲ್ಲಿ ನೀವು ಸಾರಾಳ ಮಾತನ್ನು ಎರಡು ಸಲ, ನಿಧಾನವಾಗಿ, ನಾಟಕೀಯತೆ ಇಲ್ಲದೆ ಓದಿ. ಅವಳು ಅಳುತ್ತಾ ಹೇಳಿದ್ದಲ್ಲ; ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದು. ಲೈಟ್ ಹಾಕಿದ ಮೇಲೆ ಕೇಳಬೇಕಾದ ಪ್ರಶ್ನೆ ಒಂದೇ: ನಿಮಗೆ ಯಾವ ಪದ ಕೇಳಿಸಿತು? ಒಬ್ಬರು 'ಲೈಟ್' ಎನ್ನುತ್ತಾರೆ, ಒಬ್ಬರು 'ಸಿಂಗ್', ಒಬ್ಬರು 'ಸ್ಕೇರ್ಡ್'. ಕೇಳಿಸಿದ ಪದಗಳನ್ನೆಲ್ಲ ಬೋರ್ಡಿನ ಮೇಲೆ ಬರೆಯುತ್ತಾ ಹೋದರೆ ಹೇಳಿಕೆಯ ಅರ್ಧ ಅಲ್ಲೇ ಕಟ್ಟಿಕೊಳ್ಳುತ್ತದೆ. ಆಮೇಲೆ ಚೀಟಿ ಕೊಡಿ.

ಕತ್ತಲಲ್ಲಿ ಯಾಕೆ ಹಾಡುವುದಿಲ್ಲ ಎಂಬ ಪ್ರಶ್ನೆಯನ್ನು ನೀವು ಕೇಳಬೇಕಾಗುವುದೇ ಇಲ್ಲ, ಅವರೇ ಕೇಳುತ್ತಾರೆ. ನನ್ನ ತರಗತಿಯಲ್ಲಿ ಒಬ್ಬ "ದೆವ್ವ ಬರುತ್ತೆ ಅಂತ ಮಿಸ್" ಅಂದ. ಹಿಂದಿನ ಬೆಂಚಿನಲ್ಲಿ ಸದಾ ಸುಮ್ಮನೆ ಕೂರುವ ಹುಡುಗಿಯೊಬ್ಬಳು, "ಇಲ್ಲ ಮಿಸ್, ಕತ್ತಲಲ್ಲಿ ನಮ್ಮ ದನಿ ಕೇಳಿದ್ರೆ ನಮಗೇ ಭಯ ಆಗುತ್ತೆ" ಅಂದಳು. ಇದನ್ನೇ ಇಂಗ್ಲಿಷ್‌ನಲ್ಲಿ ಹೇಳೋಣವಾ ಎಂದೆ. "ಶೀ ಈಸ್ ಅಫ್ರೈಡ್ ಆಫ್ ಹರ್ ಓನ್ ವಾಯ್ಸ್." ಆ ವಾಕ್ಯ ಕಟ್ಟಲು ಇಡೀ ತರಗತಿ ಐದು ನಿಮಿಷ ಒದ್ದಾಡಿತು. ವರ್ಷವಿಡೀ ನಾನು ಬರೆಸಿದ ಪ್ರಶ್ನೋತ್ತರಗಳಿಗಿಂತ ಆ ಐದು ನಿಮಿಷ ಹೆಚ್ಚು ಕಲಿಸಿತೆಂದು ಈಗಲೂ ನಂಬಿದ್ದೇನೆ. ಇಂಥ ಹೊತ್ತಿನಲ್ಲಿ ಕನ್ನಡವನ್ನು ತಡೆಯಬೇಡಿ. ಯೋಚನೆ ಕನ್ನಡದಲ್ಲಿ ಬರಲಿ, ಅದಕ್ಕೆ ಬೇಕಾದ ಇಂಗ್ಲಿಷನ್ನು ಎಲ್ಲರೂ ಸೇರಿ ಹುಡುಕೋಣ.

ಎರಡನೇ ಪಿರಿಯಡ್ ವ್ಯಾಕರಣದ್ದು. ನಮ್ಮ ಮಕ್ಕಳ ಬರವಣಿಗೆಯಲ್ಲಿ ಎಂದೂ ಹೋಗದ ತಪ್ಪೆಂದರೆ 'ಶೀ ಗೋ', 'ಹೀ ಸಿಂಗ್'. ಕನ್ನಡದಲ್ಲಿ ಹೋಗುತ್ತೇನೆ, ಹೋಗುತ್ತಾಳೆ, ಹೋಗುತ್ತದೆ ಎಂದು ಪ್ರತಿಯೊಂದಕ್ಕೂ ಬೇರೆ ಬೇರೆ ಪ್ರತ್ಯಯ ಇರುವುದರಿಂದ ನಮಗೆ ಈ ವಿಚಾರ ಹೊಸದೇನಲ್ಲ. ಇಂಗ್ಲಿಷ್‌ನಲ್ಲಿ ಇಂಥ ಕ್ರಿಯಾಪದಗಳಿಗೆ ವರ್ತಮಾನದಲ್ಲಿ ಉಳಿದಿರುವುದು ಆ ಒಂದೇ 'ಸ್' ಎಂದು ತೋರಿಸಿಕೊಟ್ಟರೆ ಮಕ್ಕಳು ಅದನ್ನು ಬೇಗ ಗುರುತು ಹಿಡಿಯುತ್ತಾರೆ. ಈಗ ಕೆಲಸ: ಸಾರಾಳ ಮಾತನ್ನು ಅವಳ ಗೆಳತಿ ಹೇಳುವ ಹಾಗೆ ಬದಲಿಸಿ. 'ಐ ಹ್ಯಾವ್ ಟು' ಹೋಗಿ 'ಶೀ ಹ್ಯಾಸ್ ಟು' ಆಗುತ್ತದೆ, 'ಐ ಗೋ' ಹೋಗಿ 'ಶೀ ಗೋಸ್', 'ಐ ಸಿಂಗ್' ಹೋಗಿ 'ಶೀ ಸಿಂಗ್ಸ್'. ಒಂದು ಕಡೆ ಎಡವುವ ಜಾಗವಿದೆ. 'ಐ ಡೇರ್ ನಾಟ್' ಬದಲಾದಾಗ 'ಶೀ ಡೇರ್ ನಾಟ್' ಎಂದೇ ಉಳಿಯುತ್ತದೆ, ಇಲ್ಲಿ 'ಸ್' ಇಲ್ಲ. ಕ್ಯಾನ್, ಮಸ್ಟ್ ಇವುಗಳ ಸಾಲಿಗೆ ಸೇರಿದ್ದು ಎಂದಷ್ಟೇ ಹೇಳಿ ಮುಂದೆ ಹೋಗಿ.

ಮೂರನೇ ಪಿರಿಯಡ್‌ನಲ್ಲಿ ಆಯೋಗದ ವರದಿಯ ಚಿತ್ರಗಳನ್ನು ತೋರಿಸಿ. ವರದಿಯಲ್ಲಿ ಮಕ್ಕಳು ಗಾಡಿ ಎಳೆಯುವ, ತಗ್ಗಿನ ಸುರಂಗದಲ್ಲಿ ತೆವಳುವ ಮರದಚ್ಚಿನ ಚಿತ್ರಗಳಿದ್ದವು, ಜನರನ್ನು ಕಲಕಿದ್ದು ಅವೇ. ಚಿತ್ರದಲ್ಲಿ ಯಾರಿದ್ದಾರೆ, ಏನು ಮಾಡುತ್ತಿದ್ದಾರೆ ಎಂದು ಜೋಡಿಯಾಗಿ ಕೂತು ಹೇಳಲಿ. ಆಮೇಲೆ ಸುದ್ದಿ ಕೊಡಿ: ವರದಿ ಹೊರಬಂದ 1842ರಲ್ಲೇ ಬಂದ ಕಾನೂನು ಹೆಂಗಸರು, ಹುಡುಗಿಯರು ಮತ್ತು ಹತ್ತು ವರ್ಷದೊಳಗಿನ ಹುಡುಗರು ಗಣಿಯೊಳಗೆ ಇಳಿಯದಂತೆ ತಡೆಯಿತು. ಸಾರಾ ಮೇಲೆ ಬಂದಳೆಂದುಕೊಳ್ಳೋಣ. ಮನೆಗೆ ಬರುತ್ತಿದ್ದ ಅವಳ ದುಡಿಮೆ ನಿಂತಿತು. ಮನೆಯಲ್ಲಿ ಏನು ಮಾತಾಡಿರಬಹುದು? ನಾಲ್ಕು ನಾಲ್ಕು ಜನ ಸೇರಿ ಅಪ್ಪ, ಅಮ್ಮ, ಸಾರಾ, ತಮ್ಮ ಆಗಿ ಇಂಗ್ಲಿಷ್‌ನಲ್ಲಿ ಆರು ವಾಕ್ಯ ಮಾತಾಡಲಿ. ಚುರುಕಾಗಿ ಓದುವ ಮಕ್ಕಳಿದ್ದರೆ, ಈ ವರದಿ ಓದಿ ನೊಂದು ಎಲಿಜಬೆತ್ ಬ್ಯಾರೆಟ್ 1843ರಲ್ಲಿ ಬರೆದ 'ದ ಕ್ರೈ ಆಫ್ ದ ಚಿಲ್ಡ್ರನ್' ಪದ್ಯದ ಮೊದಲ ನಾಲ್ಕು ಸಾಲು ಕೊಡಿ. ಮೂರು ವರ್ಷದ ಮೇಲೆ ಅವರು ಮದುವೆಯಾದದ್ದು ಕಿಂದರಿಜೋಗಿಯ ಬ್ರೌನಿಂಗ್‌ರನ್ನು ಎಂದರೆ ಮಕ್ಕಳಿಗೆ ಖುಷಿ.

ಮೂರನೇ ವಾರ: ಸೊಪ್ಪು ಮಾರುವ ಹುಡುಗಿ

ಹೆನ್ರಿ ಮೇಹ್ಯೂ ಲಂಡನ್ನಿನ ಬೀದಿಗಳಲ್ಲಿ ಬಡವರನ್ನು ಮಾತಾಡಿಸಿ, ಅವರ ಮಾತನ್ನು ಅವರದೇ ಧಾಟಿಯಲ್ಲಿ ಬರೆದಿಟ್ಟ ಪತ್ರಕರ್ತ. 'ಲಂಡನ್ ಲೇಬರ್ ಆ್ಯಂಡ್ ದ ಲಂಡನ್ ಪೂರ್' ಗ್ರಂಥದಲ್ಲಿ ಎಂಟು ವರ್ಷದ ಒಬ್ಬ ಹುಡುಗಿ ಇದ್ದಾಳೆ. ನೀರಿನಲ್ಲಿ ಬೆಳೆಯುವ ವಾಟರ್‌ಕ್ರೆಸ್ ಸೊಪ್ಪನ್ನು ಒಂದು ಪೆನ್ನಿ ಕಾಸಿಗೆ ನಾಲ್ಕು ಕಟ್ಟಿನಂತೆ ಕೂಗಿ ಮಾರುವವಳು. ಅವಳ ಹೆಸರನ್ನು ಮೇಹ್ಯೂ ಕೊಟ್ಟಿಲ್ಲ. "ಐ ಏಂಟ್ ಎ ಚೈಲ್ಡ್" ಎನ್ನುತ್ತಾಳೆ, ಇಪ್ಪತ್ತಾಗುವವರೆಗೆ ಹೆಂಗಸೂ ಅಲ್ಲ, ಆದರೆ ನನಗೆ ಎಂಟು ದಾಟಿದೆ ಎನ್ನುತ್ತಾಳೆ. ಬೀದಿಯಲ್ಲಿ ಯಾರೂ ನನ್ನನ್ನು ಕಂಡು ಅಯ್ಯೋ ಅನ್ನುವುದಿಲ್ಲ, ಒಬ್ಬ ದೊಡ್ಡ ಮನುಷ್ಯ ಮಾತ್ರ ಇಷ್ಟು ಬೇಗ ಯಾಕೆ ಹೊರಗೆ ಬಂದಿದ್ದೀಯ ಎಂದು ಕೇಳಿದ ಎಂದು ಹೇಳಿ ಮುಂದುವರಿಸುತ್ತಾಳೆ: "ಬಟ್ ಹೀ ಗೇವ್ ಮಿ ನಥಿಂಗ್, ಹೀ ಓನ್ಲಿ ವಾಕ್ಡ್ ಅವೇ." ಭೂತಕಾಲ ಕಲಿಸಲು ಇದಕ್ಕಿಂತ ಒಳ್ಳೆಯ ವಾಕ್ಯ ನನಗೆ ಸಿಕ್ಕಿಲ್ಲ.

ಇಲ್ಲಿಯ ಅಭ್ಯಾಸ ಪ್ರಶ್ನೆ ಕಟ್ಟುವುದು. ಮೇಹ್ಯೂ ಹೆಚ್ಚಾಗಿ ಅವಳ ಉತ್ತರಗಳನ್ನೇ ಅಚ್ಚು ಹಾಕಿದ್ದಾರೆ. ತಾವು ಕೇಳಿದ ಪ್ರಶ್ನೆಗಳನ್ನು ಬಿಟ್ಟಿದ್ದಾರೆ. ಮಕ್ಕಳು ಆ ಪ್ರಶ್ನೆಗಳನ್ನು ಪತ್ತೆ ಮಾಡಲಿ. ಎಂಟು ವರ್ಷ ಎಂದಳಲ್ಲ, ಏನು ಕೇಳಿದ್ದಕ್ಕೆ ಹಾಗೆಂದಳು? ಮೇಷ್ಟ್ರು ಬೆತ್ತದಿಂದ ಹೊಡೆದರೆಂದು ಅಮ್ಮ ಶಾಲೆ ಬಿಡಿಸಿದಳು ಎನ್ನುತ್ತಾಳೆ, ಅದಕ್ಕೆ ಪ್ರಶ್ನೆ ಯಾವುದು? 'ವೈ ಡಿಡ್ ಯೂ ಲೀವ್ ಸ್ಕೂಲ್?' ಎಂದು ಸರಿಯಾಗಿ ಜೋಡಿಸಲು ನಾಲ್ಕೈದು ಸಲ ತಪ್ಪುತ್ತಾರೆ, ತಪ್ಪಲಿ. ಆಮೇಲೆ ಜೋಡಿಯಾಗಿ ಸಂದರ್ಶನ ಮಾಡಲಿ.

ಓದುತ್ತಾ ಹೋದಾಗ ಒಂದು ಕಡೆ ಅವಳು, ಓದು ಬರಹ ಬರದು, ಆದರೆ ಶಿಲ್ಲಿಂಗಿಗೆ ಎಷ್ಟು ಪೆನ್ನಿ ಎಂದು 'ಐ ನೋಸ್' ಎನ್ನುತ್ತಾಳೆ. ಹಿಂದಿನ ವಾರವಷ್ಟೇ 'ಸ್' ಕಲಿತ ಮಕ್ಕಳು ಬಿಡುತ್ತಾರೆಯೇ! "ಮಿಸ್, ತಪ್ಪು!" ಎಂಬ ಕೂಗು ಬರುತ್ತದೆ. ಶಹಬ್ಬಾಸ್ ಎನ್ನಿ. ಆಮೇಲೆ ವಿವರಿಸಿ: ಧಾರವಾಡದವರು 'ಬರ್ತೇನ್ರಿ' ಅನ್ನುತ್ತಾರೆ, ಮೈಸೂರಿನವರು 'ಬರ್ತೀನಿ' ಅನ್ನುತ್ತಾರೆ, ಯಾವುದೂ ತಪ್ಪಲ್ಲ. ಲಂಡನ್ನಿನ ಬೀದಿಯ ಇಂಗ್ಲಿಷ್ ಹಾಗಿತ್ತು. ಪರೀಕ್ಷೆಯಲ್ಲಿ 'ಐ ನೋ' ಬರೆಯೋಣ, ಅವಳ ಮಾತನ್ನು ಅವಳಿದ್ದ ಹಾಗೆ ಓದೋಣ.

ನಾಲ್ಕನೇ ವಾರ: ಒಂದು ಬಟ್ಟಲು ಗಂಜಿ

ಈಗ ಕಾದಂಬರಿಗೆ ಬರಬಹುದು. ಚಾರ್ಲ್ಸ್ ಡಿಕನ್ಸ್ ಬರೆದ 'ಆಲಿವರ್ ಟ್ವಿಸ್ಟ್' 1837ರಿಂದ 1839ರವರೆಗೆ ಮಾಸಪತ್ರಿಕೆಯಲ್ಲಿ ಕಂತು ಕಂತಾಗಿ ಬಂತು. ಎರಡನೇ ಅಧ್ಯಾಯದ ಊಟದ ದೃಶ್ಯ ಮಾತ್ರ ತೆಗೆದುಕೊಳ್ಳಿ. 1834ರ ಕಾನೂನಿನಂತೆ ಬಡವರಿಗೆ ನೆರವು ಬೇಕಿದ್ದರೆ ವರ್ಕ್‌ಹೌಸ್ ಸೇರಬೇಕಿತ್ತು, ಮತ್ತು ಅಲ್ಲಿಯ ಬದುಕನ್ನು ಬೇಕೆಂದೇ ಕಠಿಣವಾಗಿ ಇಟ್ಟಿದ್ದರು. ಅಲ್ಲಿ ದಿನಕ್ಕೆ ಮೂರು ಹೊತ್ತು ತೆಳು ಗ್ರೂಯೆಲ್. ಗ್ರೂಯೆಲ್ ಎಂದರೇನು ಎಂದು ವಿವರಿಸುವ ಕಷ್ಟ ನಮಗಿಲ್ಲ, ಗಂಜಿ ಎಂದರಾಯಿತು. ಹುಡುಗರು ಚಮಚದಿಂದ ಬಟ್ಟಲನ್ನು ಹೊಳೆಯುವ ಹಾಗೆ ಕೆರೆದು ತಿನ್ನುತ್ತಿದ್ದುದರಿಂದ ಅದನ್ನು ತೊಳೆಯಬೇಕಾಗಿಯೇ ಇರಲಿಲ್ಲವಂತೆ. ಡಿಕನ್ಸ್ ಅಲ್ಲಿ 'ನೆವರ್ ವಾಂಟೆಡ್ ವಾಷಿಂಗ್' ಎಂದು ಬರೆಯುತ್ತಾರೆ. ಅದೇ ಅಧ್ಯಾಯದಲ್ಲಿ ಆಲಿವರ್, "ಪ್ಲೀಸ್ ಸರ್, ಐ ವಾಂಟ್ ಸಮ್ ಮೋರ್" ಎನ್ನುತ್ತಾನೆ. ಒಂದೇ ಪದ, ಎರಡು ಅರ್ಥ. ನಮ್ಮ 'ಬೇಕು' ನೋಡಿ: ಬಟ್ಟಲು ತೊಳೆಯಬೇಕು, ನನಗೆ ಇನ್ನೂ ಬೇಕು. ಇಷ್ಟು ಹೊಂದುವ ಪದ ಸಿಕ್ಕಾಗ ಮಕ್ಕಳಿಗೆ ತೋರಿಸದೆ ಬಿಡಬಾರದು.

ದೃಶ್ಯವನ್ನು ಆಡಿಸಿ. ಚೀಟಿ ಎತ್ತಿ ಆಲಿವರ್ ಯಾರೆಂದು ನಿರ್ಧರಿಸಿ, ಕಾದಂಬರಿಯಲ್ಲೂ ಹಾಗೇ ಆಗುವುದು. ಸ್ಟೀಲ್ ಬಟ್ಟಲು, ಸೌಟು ಇದ್ದರೆ ಸಾಕು. ಆಟ ಮುಗಿದ ಮೇಲೆ ಕೇಳುವ ರೀತಿಯ ಬಗ್ಗೆ ಮಾತಾಡಿ. ಕನ್ನಡದಲ್ಲಿ 'ನೀರು ಕೊಡಿ' ಎನ್ನುವಾಗ ಮರ್ಯಾದೆ ಆ ಕೊನೆಯ 'ಡಿ'ಯಲ್ಲೇ ಇದೆ. ಅದನ್ನು 'ಗಿವ್ ವಾಟರ್' ಎಂದು ತಿರುಗಿಸಿದ ಕ್ಷಣ ಮರ್ಯಾದೆ ಜಾರಿ ಬೀಳುತ್ತದೆ, ಮಗುವಿಗೆ ಅದು ಗೊತ್ತೇ ಆಗುವುದಿಲ್ಲ. ಇಂಗ್ಲಿಷ್‌ನಲ್ಲಿ ಮರ್ಯಾದೆ ಕೂರುವುದು 'ಕುಡ್ ಐ ಹ್ಯಾವ್', 'ಮೇ ಐ', 'ಪ್ಲೀಸ್' ಇವುಗಳಲ್ಲಿ. ಆಲಿವರ್‌ನ ಮಾತನ್ನು ನಾಲ್ಕು ಬಗೆಯಲ್ಲಿ ಹೇಳಿಸಿ: ಗೆಳೆಯನಿಗೆ, ಅಜ್ಜಿಗೆ, ಮುಖ್ಯೋಪಾಧ್ಯಾಯರಿಗೆ, ಹೋಟೆಲಿನಲ್ಲಿ.

ಐದನೇ ವಾರ: ಹಸುವಿನ ಪ್ರಬಂಧ

ಡಿಕನ್ಸ್ ಅವರದೇ 'ಹಾರ್ಡ್ ಟೈಮ್ಸ್' (1854) ಕಾದಂಬರಿಯ ಎರಡನೇ ಅಧ್ಯಾಯದಲ್ಲಿ ಒಂದು ತರಗತಿ ಇದೆ. ಗ್ರ್ಯಾಡ್‌ಗ್ರೈಂಡ್ ಎಂಬಾತ, ಹೆಸರಿಂದ ಕರೆಯದೆ "ಗರ್ಲ್ ನಂಬರ್ ಟ್ವೆಂಟಿ" ಎಂದು ಸಿಸ್ಸಿ ಜೂಪ್‌ಳನ್ನು ಎಬ್ಬಿಸಿ, ಕುದುರೆ ಎಂದರೇನು ಹೇಳು ಎನ್ನುತ್ತಾನೆ. ಸರ್ಕಸ್ಸಿನಲ್ಲಿ ಕುದುರೆಗಳ ಜೊತೆಯೇ ಬೆಳೆದ ಹುಡುಗಿ ತಬ್ಬಿಬ್ಬಾಗಿ ನಿಲ್ಲುತ್ತಾಳೆ. ಬಿಟ್ಜರ್ ಎಂಬ ಹುಡುಗ ನಾಲ್ಕು ಕಾಲು, ನಲವತ್ತು ಹಲ್ಲು ಎಂದು ಪಟಪಟ ಒಪ್ಪಿಸಿ ಹೊಗಳಿಸಿಕೊಳ್ಳುತ್ತಾನೆ. ಈಗ ಕುದುರೆ ನಿಮಗೆ ಗೊತ್ತಾಯಿತಲ್ಲ, ಎಂದು ಮಕ್ಕಳನ್ನು ಕೇಳಿ, ಆಮೇಲೆ ನಮ್ಮ ಹಸುವಿಗೆ ಬನ್ನಿ. "ದ ಕೌ ಈಸ್ ಎ ಡೊಮೆಸ್ಟಿಕ್ ಅನಿಮಲ್, ಇಟ್ ಹ್ಯಾಸ್ ಫೋರ್ ಲೆಗ್ಸ್" ಎಂದು ನಾವೆಲ್ಲ ಉರು ಹೊಡೆದ ಪ್ರಬಂಧ ಬಿಟ್ಜರನದು. ಮನೆಯಲ್ಲಿ ಹಸು ಕಟ್ಟಿರುವ ಮಗುವಿಗೆ ಗೊತ್ತಿರುವುದು ಬೇರೆ: ಯಾರು ಕೂತರೆ ಹಾಲು ಬಿಡುವುದಿಲ್ಲ, ಮಳೆ ಬರುವ ಮುಂಚೆ ಹೇಗೆ ಆಡುತ್ತದೆ, ಕರುವನ್ನು ಮಾರಿದ ರಾತ್ರಿ ಎಷ್ಟು ಕೂಗಿತು. ಅದನ್ನು ಆರು ವಾಕ್ಯದಲ್ಲಿ ಇಂಗ್ಲಿಷ್‌ನಲ್ಲಿ ಬರೆಯಲಿ. ಹಸು ಇಲ್ಲದವರು ಬೀದಿನಾಯಿಯ ಬಗ್ಗೆಯೋ ಅಪ್ಪನ ಆಟೋ ಬಗ್ಗೆಯೋ ಬರೆಯಲಿ. ವಾಕ್ಯ ಮುರಿದಿದ್ದರೂ ಸರಿ, ಒಳಗಿನ ಸಂಗತಿ ಅವರದಾಗಿರಬೇಕು.

ಇದೇ ವಾರ ಡಿ‌ಕನ್ಸ್‌ ಬಾಲ್ಯವನ್ನು ಹೇಳಿ. ವಿಕ್ಟೋರಿಯಾ ಪಟ್ಟಕ್ಕೆ ಬರುವ ಮುಂಚಿನ ಮಾತು, 1824. ಸಾಲ ತೀರಿಸಲಾಗದೆ ಅಪ್ಪ ಮಾರ್ಷಲ್‌ಸೀ ಜೈಲು ಸೇರಿದರು. ಹನ್ನೆರಡು ವರ್ಷದ ಚಾರ್ಲ್ಸ್ ಥೇಮ್ಸ್ ದಡದ ಬೂಟ್ ಪಾಲಿಷ್ ಕಾರ್ಖಾನೆಯಲ್ಲಿ ವಾರಕ್ಕೆ ಆರು ಶಿಲ್ಲಿಂಗಿಗೆ ಡಬ್ಬಿಗಳಿಗೆ ಕಾಗದ ಕಟ್ಟಿ ಲೇಬಲ್ ಅಂಟಿಸುತ್ತಿದ್ದ. ಆ ಹಳೇ ಕಟ್ಟಡದ ತುಂಬ ಇಲಿಗಳಿದ್ದವು ಎಂದು ಮುಂದೆ ನೆನಪಿಸಿಕೊಂಡಿದ್ದಾರೆ. ಇಡೀ ಇಂಗ್ಲೆಂಡ್ ಓದುವ ಲೇಖಕರಾದ ಮೇಲೂ ಈ ಸಂಗತಿಯನ್ನು ಅವರು ಲೋಕಕ್ಕೆ ಹೇಳಲಿಲ್ಲ. 1870ರಲ್ಲಿ ಅವರು ತೀರಿಕೊಂಡ ನಂತರ ಗೆಳೆಯ ಜಾನ್ ಫಾರ್ಸ್ಟರ್ ಬರೆದ ಜೀವನಚರಿತ್ರೆಯಿಂದಲೇ ಅದು ಜನರಿಗೆ ತಿಳಿದದ್ದು.

ಇದನ್ನು ಹೇಳುವಾಗ ನಿಮ್ಮ ತರಗತಿಯನ್ನು ನೆನಪಿಡಿ. ಶಾಲೆ ಬಿಟ್ಟ ಮೇಲೆ ಅಂಗಡಿಯಲ್ಲಿ ನಿಲ್ಲುವ, ಹೊಲಕ್ಕೆ ಹೋಗುವ, ಅಮ್ಮನ ಜೊತೆ ಬೇರೆಯವರ ಮನೆ ಪಾತ್ರೆ ತೊಳೆಯುವ ಮಗು ಅಲ್ಲಿ ಕೂತಿರಬಹುದು. "ನಿಮ್ಮಲ್ಲಿ ಯಾರು ಕೆಲಸಕ್ಕೆ ಹೋಗ್ತೀರಿ, ಕೈ ಎತ್ತಿ" ಎಂದು ಯಾವತ್ತೂ ಕೇಳಬೇಡಿ. ಡಿಕನ್ಸ್ ತಮ್ಮ ಆರು ಶಿಲ್ಲಿಂಗನ್ನು ಜೀವನಪೂರ್ತಿ ಮುಚ್ಚಿಟ್ಟರು. ಮುಚ್ಚಿಡುವ ಹಕ್ಕು ಆ ಮಗುವಿಗೂ ಇದೆ. ಪಿರಿಯಡ್ ಮುಗಿದ ಮೇಲೆ ಅದಾಗಿ ಬಂದು ಹೇಳಿದರೆ ಕೂತು ಕೇಳಿ. ಶಾಲೆಗೆ ಬರುವುದೇ ತಪ್ಪುತ್ತಿದ್ದರೆ ಮನೆಯವರ ಜೊತೆ ಮಾತಾಡಿ.

ಇನ್ನೊಂದು ಪ್ರಶ್ನೆ ಪ್ರತಿ ವರ್ಷ ಬರುತ್ತದೆ: "ಅವರು ನಮ್ಮನ್ನ ಆಳ್ತಿದ್ದಾಗಲೇ ಅವರ ಮಕ್ಕಳು ಹೀಗಿದ್ರಾ ಮಿಸ್?" ಹೌದು, ಅದೇ ವರ್ಷಗಳು. ಅಮೆರಿಕದ ಅಂತರ್ಯುದ್ಧ ನಡೆದ 1861ರಿಂದ 1865ರವರೆಗೆ ಅಲ್ಲಿನ ಹತ್ತಿ ನಿಂತಾಗ ಲ್ಯಾಂಕಷೈರಿನ ಗಿರಣಿಗಳು ಭಾರತದ ಹತ್ತಿಗೆ ಕೈಚಾಚಿದವು, ಧಾರವಾಡದ ಹತ್ತಿಯೂ ಹಡಗು ಹತ್ತಿತು. ಆ ಗಿರಣಿಗಳಲ್ಲಿ ಎಂಟು ವರ್ಷ ತುಂಬಿದ ಮಕ್ಕಳು ಅರ್ಧ ದಿನ ಕೆಲಸ, ಅರ್ಧ ದಿನ ಶಾಲೆ ಎಂದು ಇದ್ದರು. ಕಡ್ಡಾಯ ಶಾಲೆ ಬಂದದ್ದು 1880ರಲ್ಲಿ, ಅದೂ ಹತ್ತು ವರ್ಷದವರೆಗೆ. ಇಷ್ಟನ್ನು ನೇರವಾಗಿ ಹೇಳಿ. ನಕ್ಷೆಯಲ್ಲಿ ಧಾರವಾಡದಿಂದ ಮ್ಯಾಂಚೆಸ್ಟರಿಗೆ ಗೆರೆ ಎಳೆಸಿ.

ನಡುನಡುವೆ ಪದ್ಯ

ಇಷ್ಟು ಭಾರದ ನಡುವೆ ಉಸಿರಾಡಲು ಜಾಗ ಬೇಕು. ಪ್ರತಿ ಪಿರಿಯಡ್‌ನ ಮೊದಲ ಐದು ನಿಮಿಷಕ್ಕೆ ಕ್ರಿಸ್ಟೀನಾ ರೊಸೆಟ್ಟಿಯ 'ಹೂ ಹ್ಯಾಸ್ ಸೀನ್ ದ ವಿಂಡ್' ಸಾಕು, ಎರಡೇ ಚರಣ, ಎರಡು ದಿನದಲ್ಲಿ ಬಾಯಿಗೆ ಬರುತ್ತದೆ. ಸ್ಟೀವನ್ಸನ್ 1885ರ ಸಂಕಲನದಲ್ಲಿ 'ಬೆಡ್ ಇನ್ ಸಮ್ಮರ್' ಬರೆದಿದ್ದಾರೆ: ಚಳಿಗಾಲದಲ್ಲಿ ಕತ್ತಲಲ್ಲೇ ಏಳಬೇಕು, ಬೇಸಿಗೆಯಲ್ಲಿ ಹಗಲಲ್ಲೇ ಮಲಗಬೇಕು ಎಂದು ಮಗು ದೂರುತ್ತದೆ. ನಮ್ಮ ಮಕ್ಕಳಿಗೆ ಇದು ಒಗಟು. ಬೆಂಗಳೂರಿನಲ್ಲಿ ಅತಿ ಉದ್ದದ ಹಗಲಿಗೂ ಅತಿ ಚಿಕ್ಕ ಹಗಲಿಗೂ ಸುಮಾರು ಒಂದೂವರೆ ಗಂಟೆಯ ಅಂತರ, ಸ್ಟೀವನ್ಸನ್ ಹುಟ್ಟಿದ ಎಡಿನ್‌ಬರೋದಲ್ಲಿ ಹತ್ತು ಗಂಟೆಗೂ ಮೀರಿದ್ದು. ಗ್ಲೋಬ್ ತಂದು ವಿಜ್ಞಾನದ ಮೇಷ್ಟ್ರನ್ನೂ ಕರೆಯಿರಿ.

ಆರನೇ ವಾರ: ಕಾಗದ

ಪರೀಕ್ಷೆ ಬೇಡ. ಇಸವಿಗಳನ್ನಂತೂ ಕೇಳಲೇಬೇಡಿ. ಪ್ರತಿಯೊಬ್ಬರೂ ತಮಗಿಷ್ಟವಾದ ಐದು ಸಾಲನ್ನು ನೋಡಿ ಓದಲಿ, ಪಕ್ಕದವರಿಗೆ ಮೂರು ಪ್ರಶ್ನೆ ಕೇಳಲಿ. ಅಲ್ಲಿಗೆ ನಿಮಗೆ ಯಾರೆಲ್ಲಿದ್ದಾರೆಂದು ಗೊತ್ತಾಗುತ್ತದೆ. ಕೊನೆಯ ಪಿರಿಯಡ್‌ನಲ್ಲಿ ಸಾರಾಗೋ, ಹೆಸರಿಲ್ಲದ ಆ ಸೊಪ್ಪಿನ ಹುಡುಗಿಗೋ ಎಂಟು ಸಾಲಿನ ಕಾಗದ ಬರೆಯಲಿ. ತಿದ್ದುವುದಿದ್ದರೆ ಪೆನ್ಸಿಲಿನಲ್ಲಿ ಒಂದು ಕಾಗದಕ್ಕೆ ಎರಡೇ ತಪ್ಪು ತೋರಿಸಿ, ಕೆಂಪು ಪೆನ್ನು ಮುಟ್ಟಬೇಡಿ. ಒಂದು ವರ್ಷ ಒಬ್ಬ ಹುಡುಗ ಸಾರಾಗೆ ಬರೆದದ್ದು ಮೂರೇ ವಾಕ್ಯ. ಅದರಲ್ಲೊಂದು: "ಯೂ ಸಿಂಗ್, ಐ ವಿಲ್ ಓಪನ್ ದ ಡೋರ್." ಕಾಗದಗಳನ್ನು ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಎತ್ತಿಡಿ. ಮುಂದಿನ ವರ್ಷದ ಎಂಟನೇ ತರಗತಿಗೆ ಎರಡನೇ ವಾರ ಮುಗಿದ ದಿನ ಆ ಪೆಟ್ಟಿಗೆ ತೆರೆದು ಓದಲು ಕೊಡಿ.